ಸೀತನಿ: ಒಂದೂವರೆ ತಿಂಗಳ ಧಾನ್ಯ, ಕುಗ್ಗುತ್ತಿರುವ ಹೊಲ

ಕಲಬುರಗಿ: ಹಿಂಗಾರಿನ ಬಿಳಿಜೋಳ ಹಾಲುಗಟ್ಟಿ, ಕಾಳು ಇನ್ನೂ ಬಲಿಯುವ ಮುನ್ನ ಬರುವ ಕೆಲವೇ ದಿನಗಳಲ್ಲಿ ಮಾತ್ರ ದೊರೆಯುವ ಆಹಾರವೊಂದು ಕಲ್ಯಾಣ ಕರ್ನಾಟಕದಲ್ಲಿದೆ. ಆಳಂದ, ಅಫಜಲಪುರ ಹಾಗೂ ಜೇವರ್ಗಿ ಭಾಗದ ಜನರು ಅದನ್ನು ಸೀತನಿ ಎಂದು ಕರೆಯುತ್ತಾರೆ. ಹಸಿರು ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಯಾಗಿರುವಾಗಲೇ ತಿನ್ನುವ ಈ ಧಾನ್ಯಕ್ಕೆ ಅಂಗಡಿಯಲ್ಲಿ ಜಾಗವಿಲ್ಲ, ಡಬ್ಬಿಯಲ್ಲಿ ಆಯುಷ್ಯವಿಲ್ಲ. ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಆರಂಭದವರೆಗಿನ ಸುಮಾರು ಒಂದೂವರೆ ತಿಂಗಳು ಕಳೆದರೆ ಮತ್ತೆ ಒಂದು ವರ್ಷ ಕಾಯಬೇಕು. ಆದರೆ ಇಂದು ಕಾಯುವವರಿಗೆ ಎದುರಾಗಿರುವ ಪ್ರಶ್ನೆ ಕಾಲದ್ದಲ್ಲ, ಹೊಲದ್ದು. ಸೀತನಿ ಕೊಡುವ ಹಿಂಗಾರಿ ಜೋಳದ ಭೂಮಿಯನ್ನು ತೊಗರಿ ಮತ್ತು ಕಬ್ಬು ಒಂದೊಂದಾಗಿ ಆಕ್ರಮಿಸಿಕೊಂಡಿವೆ.

ಏನಿದು ಸೀತನಿ?

ಸಿಹಿ ಮತ್ತು ತೆನೆ ಎಂಬ ಎರಡು ಪದಗಳು ಕೂಡಿ ಸೀತೆನೆಯಾಗಿ, ಈ ಭಾಗದ ಆಡುಮಾತಿನಲ್ಲಿ ಸೀತನಿ ಎಂದಾಗಿದೆ. ಕೆಲವೆಡೆ ಇದಕ್ಕೆ ಬೆಳಸಿ ಎಂಬ ಹೆಸರೂ ಉಂಟು. ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಮರಾಠಿ ಭಾಷಿಕರು ಇದನ್ನೇ ಹುರಡಾ ಎನ್ನುತ್ತಾರೆ. ದೂರದ ಸೂರತ್‌ನಲ್ಲಿ ಇದು ಪೋಂಕ್. ಹೆಸರು ಬೇರೆಯಾದರೂ ವಸ್ತು ಒಂದೇ: ಎಳೆಯ ಜೋಳದ ಸುಟ್ಟ ಕಾಳು.

ತಯಾರಿಸುವ ಕ್ರಮ ಸರಳ. ಹೊಲದ ಬದುವಿನ ಪಕ್ಕದಲ್ಲಿ ಸಣ್ಣ ಕುಣಿ ತೋಡಿ, ಕುಳ್ಳು ಇಟ್ಟು ಹೊತ್ತಿಸಲಾಗುತ್ತದೆ. ಉರಿ ಇಳಿದು ಕೆಂಡ ಉಳಿದಾಗ ಆಗತಾನೆ ಮುರಿದು ತಂದ ತೆನೆಗಳನ್ನು ಅದರಲ್ಲಿ ಹೂಳಿ ಹೊರಳಿಸುತ್ತಾರೆ. ಉರಿ ಹೆಚ್ಚಾದರೆ ಕಾಳು ಸೀಯುತ್ತದೆ, ಕಡಿಮೆಯಾದರೆ ಹಸಿವಾಸನೆ ಉಳಿಯುತ್ತದೆ. ಹದವಾಗಿ ಬೆಂದ ತೆನೆಯನ್ನು ಗೋಣಿಚೀಲ ಅಥವಾ ದಪ್ಪ ಬಟ್ಟೆಯ ಮೇಲೆ ಅಂಗೈಯಿಂದ ತಿಕ್ಕಿದಾಗ ಕಾಳು ಬಿಡುತ್ತದೆ. ಮೊರದಲ್ಲಿ ಕೇರಿ ಹೊಟ್ಟು ಹಾರಿಸಿದರೆ ತಿನ್ನಲು ಸಿದ್ಧ. ಜೊತೆಗೆ ಬೆಲ್ಲ, ಶೇಂಗಾ ಹಿಂಡಿ, ಒಣಕೊಬ್ಬರಿ, ಗಟ್ಟಿ ಮೊಸರು. ಬೆಳಗಿನ ಚಳಿಯಲ್ಲಿ ಹೊಲಕ್ಕೆ ಹೋದವರಿಗೆ ಇದೇ ನಾಷ್ಟಾ.

ಹಾಲು ಹಿಟ್ಟಾಗುವ ಗಳಿಗೆ

ಸೀತನಿ ವರ್ಷವಿಡೀ ಏಕೆ ಸಿಗದು ಎಂಬುದಕ್ಕೆ ಉತ್ತರ ಕಾಳಿನೊಳಗೇ ಇದೆ. ಜೋಳ ಹೂ ಬಿಟ್ಟ ಬಳಿಕ ಕಾಳಿನಲ್ಲಿ ಮೊದಲು ತುಂಬುವುದು ಹಾಲಿನಂಥ ರಸ. ಈ ಹಾಲ್ದೆನೆಯ ಹಂತದಲ್ಲಿ ಸಕ್ಕರೆಯ ಅಂಶವಿದ್ದರೂ ಕಾಳಿಗೆ ಮೈ ಇರುವುದಿಲ್ಲ. ಸುಟ್ಟರೆ ಸಿಪ್ಪೆಯಷ್ಟೇ ಉಳಿಯುತ್ತದೆ. ಮುಂದೆ ರಸ ಗಟ್ಟಿಯಾಗಿ ಮೆದು ಹಿಟ್ಟಿನ ಹದಕ್ಕೆ ಬರುತ್ತದೆ. ಸಿಹಿಯೂ ಮೆದುತನವೂ ಒಟ್ಟಿಗೆ ಇರುವ ಹಂತ ಇದೊಂದೇ. ಅನಂತರ ಸಕ್ಕರೆಯೆಲ್ಲ ಪಿಷ್ಟವಾಗಿ ಮಾರ್ಪಟ್ಟು ಕಾಳು ಗಡುಸಾಗುತ್ತದೆ. ಆಗ ಅದು ರೊಟ್ಟಿಯ ಜೋಳವೇ ಹೊರತು ಸೀತನಿಯಲ್ಲ.

ರೈತರಿಗೆ ಇದನ್ನು ಅಳೆಯಲು ಉಪಕರಣ ಬೇಕಿಲ್ಲ. ಕಾಳನ್ನು ಉಗುರಿನಿಂದ ಒತ್ತಿದಾಗ ಹಾಲು ಚಿಮ್ಮಿದರೆ ಇನ್ನೂ ಬೇಗ. ಉಗುರು ಇಳಿಯದಿದ್ದರೆ ತಡವಾಯಿತು. ಮೆತ್ತನೆಯ ಹಿಟ್ಟು ಹೊರಬಂದರೆ ಹದ. ಒಂದು ಹೊಲ ಈ ಹದದಲ್ಲಿ ಉಳಿಯುವುದು ಹೆಚ್ಚೆಂದರೆ ವಾರ, ಹತ್ತು ದಿನ.

ಹಾಗಾದರೆ ಒಂದೂವರೆ ತಿಂಗಳ ಹಂಗಾಮು ಹೇಗೆ? ಬಿತ್ತನೆಯ ದಿನಾಂಕಗಳ ಅಂತರವೇ ಇದಕ್ಕೆ ಕಾರಣ. ಈ ಭಾಗದ ಎರೆಮಣ್ಣಿನಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ತನಕ ಬಿತ್ತುತ್ತಾರೆ. ಸುಮಾರು 120 ದಿನಗಳ ಈ ಬೆಳೆ 95ರಿಂದ 100ನೇ ದಿನದ ಆಸುಪಾಸಿನಲ್ಲಿ ಸೀತನಿಯ ಹದಕ್ಕೆ ಬರುತ್ತದೆ. ಸೆಪ್ಟೆಂಬರ್ ಮೂರನೇ ವಾರದಲ್ಲಿ ಬಿತ್ತಿದ ಹೊಲ ಡಿಸೆಂಬರ್ ಕೊನೆಗೆ, ಅಕ್ಟೋಬರ್ ಮಧ್ಯದಲ್ಲಿ ಬಿತ್ತಿದ ಹೊಲ ಜನವರಿ ಮೂರನೇ ವಾರಕ್ಕೆ ಸಿದ್ಧ. ಒಂದು ಊರಿನ ಸೀತನಿ ಮುಗಿಯುವಾಗ ಪಕ್ಕದೂರಿನಲ್ಲಿ ಆರಂಭವಾಗುವುದು ಹೀಗೆ.

ಮುರಿದ ತೆನೆಗೂ ಆಯುಷ್ಯ ಕಡಿಮೆ. ಗಿಡದಿಂದ ಬೇರ್ಪಟ್ಟ ಕೆಲವು ಗಂಟೆಗಳಲ್ಲೇ ಸಿಹಿ ಇಳಿಯತೊಡಗುತ್ತದೆ. ಬೆಳಿಗ್ಗೆ ಮುರಿದದ್ದನ್ನು ಮರುದಿನ ಬೆಂಗಳೂರಿನಲ್ಲಿ ಸುಟ್ಟರೆ ಹೊಲದ ರುಚಿ ಸಿಗದು. ಕಲಬುರಗಿಯ ಸೀತನಿ ರಾಜಧಾನಿಯ ಹೋಟೆಲುಗಳಲ್ಲಿ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಹಳೆಯ ಬೆಳೆ

ಜೋಳದ ಮೂಲ ಈಶಾನ್ಯ ಆಫ್ರಿಕಾ. ಇಂದಿನ ಪೂರ್ವ ಸುಡಾನ್ ಪ್ರದೇಶದಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆಯೇ ಮನುಷ್ಯ ಇದನ್ನು ಸಾಗುವಳಿಗೆ ಒಗ್ಗಿಸಿಕೊಂಡಿದ್ದನೆಂಬುದಕ್ಕೆ ಉತ್ಖನನದ ಸಾಕ್ಷ್ಯಗಳಿವೆ. ಭಾರತಕ್ಕೆ ಬಂದ ಈ ಧಾನ್ಯ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಮಣ್ಣಿನಲ್ಲಿ ಬೇರೂರಿತು. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಳ್ಳುವ ಎರೆಮಣ್ಣು, ಮಳೆ ನಿಂತ ಮೇಲೂ ಆ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆಯಬಲ್ಲ ಜೋಳ ಒಂದಕ್ಕೊಂದು ಹೊಂದಿಕೊಂಡವು.

ಇಂದಿಗೂ ಈ ಭಾಗದಲ್ಲಿ ಹೆಚ್ಚು ಬಿತ್ತುವುದು ಮಾಲ್ದಂಡಿ ಜೋಳವನ್ನು. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಸ್ಥಳೀಯ ಮಾಲ್ದಂಡಿಯಿಂದ ಆಯ್ದು ರೂಪಿಸಿದ ಎಂ 35-1 ತಳಿ ರೊಟ್ಟಿಗೂ ಕಣಕಿಗೂ ಒಪ್ಪಿತವಾಗಿ ಉಳಿದಿದೆ. 1964ರಲ್ಲಿ ದೇಶದ ಮೊದಲ ಜೋಳದ ಹೈಬ್ರಿಡ್ ಸಿಎಸ್‌ಎಚ್-1 ಬಿಡುಗಡೆಯಾದ ನಂತರ ಮುಂಗಾರಿನ ಜೋಳದಲ್ಲಿ ಹೈಬ್ರಿಡ್‌ಗಳು ವ್ಯಾಪಿಸಿದವು. ಹಿಂಗಾರಿನಲ್ಲಿ ಮಾತ್ರ ಹಳೆಯ ಮಾಲ್ದಂಡಿಯೇ ನಿಂತಿತು. ವಿಜಯಪುರದ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಬಿಜೆವಿ-44 ಅದಕ್ಕೆ ಸೇರಿದ ಹೊಸ ತಳಿಗಳಲ್ಲಿ ಒಂದು.

ಮಾಲ್ದಂಡಿಯಿಂದಲೂ ಸೀತನಿ ಮಾಡಬಹುದು, ಮಾಡುತ್ತಾರೆ. ಆದರೆ ಸೀತನಿಗೆಂದೇ ಮೀಸಲಾದ ನಾಟಿ ತಳಿಗಳು ಬೇರೆ. ಉತ್ತರ ಕರ್ನಾಟಕದ ಸಕ್ಕರಿ ಮುಕ್ಕರಿ, ಮಹಾರಾಷ್ಟ್ರದ ಗುಳಭೆಂಡಿ, ಸುರತಿ, ಕುಚಕುಚಿ ಈ ಬಗೆಯವು. ಇವುಗಳಲ್ಲಿ ಎಳೆಗಾಳು ಹೆಚ್ಚು ಸಿಹಿ. ತಿಕ್ಕಿದಾಗ ಹೊಟ್ಟಿನಿಂದ ಸಲೀಸಾಗಿ ಬಿಡುತ್ತದೆ. ಮಾರುಕಟ್ಟೆಗೆ ಮಾರುವ ಬೆಳೆಯಲ್ಲವಾದ್ದರಿಂದ ಇವುಗಳ ಬೀಜ ಅಂಗಡಿಯಲ್ಲಿ ದೊರೆಯುವುದು ಅಪರೂಪ. ಮಾಲ್ದಂಡಿಯ ಹೊಲದ ಅಂಚಿನಲ್ಲಿ ನಾಲ್ಕು ಸಾಲು ಸೀತನಿ ಜೋಳ ಬಿತ್ತಿ, ಮನೆಮಂದಿ ತಿಂದು ಉಳಿದ ತೆನೆಯನ್ನು ಬೀಜಕ್ಕೆ ಕಟ್ಟಿಡುವುದೇ ಅವು ಉಳಿದುಬಂದ ಬಗೆ. ಜೋಳದ ಹೊಲವೇ ಇಲ್ಲವಾದರೆ ಆ ನಾಲ್ಕು ಸಾಲಿಗೂ ಜಾಗವಿರದು.

ಚರಗದ ದಿನದಿಂದ ಸಂಕ್ರಾಂತಿಯಾಚೆಗೆ

ಸೀತನಿಯ ಹಂಗಾಮು ಈ ಭಾಗದ ಎರಡು ದೊಡ್ಡ ಹಬ್ಬಗಳ ಜೊತೆ ಹೆಣೆದುಕೊಂಡಿದೆ. ಮಾರ್ಗಶಿರ ಮಾಸದ ಎಳ್ಳ ಅಮಾವಾಸ್ಯೆಯಂದು ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಹಸಿ ಕಾಳು ಸೊಪ್ಪು ತರಕಾರಿಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ ಆ ದಿನದ ಊಟ. ಮೊದಲು ಬಿತ್ತಿದ ಹೊಲಗಳಲ್ಲಿ ಆ ವೇಳೆಗೆ ಸೀತನಿ ಆರಂಭವಾಗಿರುತ್ತದೆ. ಮಕರ ಸಂಕ್ರಾಂತಿಯ ಹೊತ್ತಿಗೆ ಅದು ಉತ್ತುಂಗ ತಲುಪುತ್ತದೆ.

ಸ್ವಂತ ಹೊಲವಿಲ್ಲದವರಿಗೂ ಸೀತನಿಯಲ್ಲಿ ಪಾಲಿತ್ತು. ನೆಂಟರು, ನೆರೆಯವರು, ದುಡಿಯಲು ಬಂದವರನ್ನು ಸೀತನಿಗೆ ಕರೆಯುವುದು ಹೊಲದೊಡೆಯನ ಮರ್ಯಾದೆಯ ಮಾತಾಗಿತ್ತು. ಒಂದು ಹೊಲದ ಹದ ಹತ್ತೇ ದಿನದ್ದು. ಒಬ್ಬರೇ ತಿಂದು ಮುಗಿಸಲಾಗದು, ಕೂಡಿಡಲಾಗದು. ಹಂಚಿಕೊಳ್ಳುವ ಪದ್ಧತಿ ಬೆಳೆದದ್ದರ ಹಿಂದೆ ಔದಾರ್ಯದ ಜೊತೆಗೆ ಈ ಲೆಕ್ಕವೂ ಇತ್ತು.

ಅಮೆರಿಕದ ಭೂತಗಳು

ಹಂಗಾಮಿಗೆ ಮಾತ್ರ ಸಿಗುವ ಉಪಾಹಾರ ಧಾನ್ಯ ಬೇರೆ ದೇಶಗಳಲ್ಲೂ ಉಂಟು. ಆದರೆ ಅಲ್ಲಿ ಹಂಗಾಮನ್ನು ನಿರ್ಧರಿಸುವವರು ಬೇರೆ. ಅಮೆರಿಕದ ಜನರಲ್ ಮಿಲ್ಸ್ ಕಂಪನಿ 1971ರಲ್ಲಿ ಮಕ್ಕಳಿಗಾಗಿ ಎರಡು ಬಗೆಯ ಧಾನ್ಯದ ತಿನಿಸನ್ನು ಹೊರತಂದಿತು. ಡ್ರಾಕುಲಾನನ್ನು ಹೋಲುವ ಕೌಂಟ್ ಚಾಕುಲಾ ಚಾಕಲೇಟ್ ರುಚಿಯದು. ಫ್ರಾಂಕೆನ್‌ಸ್ಟೈನ್ ಕಥೆಯ ದೈತ್ಯನ ಹೆಸರಿನ ಫ್ರಾಂಕನ್ ಬೆರ್ರಿ ಸ್ಟ್ರಾಬೆರಿ ರುಚಿಯದು. 1973ರಲ್ಲಿ ಬೂ ಬೆರ್ರಿ ಎಂಬ ದೆವ್ವ, 1974ರಲ್ಲಿ ಫ್ರೂಟ್ ಬ್ರೂಟ್ ಎಂಬ ತೋಳ-ಮನುಷ್ಯ, 1988ರಲ್ಲಿ ಫ್ರೂಟಿ ಯಮ್ಮಿ ಮಮ್ಮಿ ಎಂಬ ಈಜಿಪ್ಟಿನ ಮಮ್ಮಿ ಸೇರಿಕೊಂಡವು.

ಫ್ರಾಂಕನ್ ಬೆರ್ರಿಯ ಆರಂಭಿಕ ದಿನಗಳಲ್ಲಿ ಒಂದು ವಿಚಿತ್ರ ಪ್ರಸಂಗವೂ ನಡೆಯಿತು. ಅದರ ಕೆಂಪು ಬಣ್ಣ ಜೀರ್ಣವಾಗದೆ ಮಗುವೊಂದರ ಮಲ ಕೆಂಪಾಗಿ, ರಕ್ತಸ್ರಾವವೆಂದು ಹೆದರಿ ಆಸ್ಪತ್ರೆಗೆ ಸೇರಿಸಲಾಯಿತು. ಅಪಾಯವಿಲ್ಲದ ಈ ಪ್ರಕರಣ 1972ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು.

ಬಹುಕಾಲ ಈ ತಿನಿಸುಗಳು ವರ್ಷವಿಡೀ ಅಂಗಡಿಗಳಲ್ಲಿದ್ದವು. ಫ್ರೂಟ್ ಬ್ರೂಟ್ ಮತ್ತು ಯಮ್ಮಿ ಮಮ್ಮಿಗಳನ್ನು ಕಂಪನಿ ನಡುವೆಯೇ ನಿಲ್ಲಿಸಿತು. ಉಳಿದ ಮೂರನ್ನು 2010ರಿಂದ ಹ್ಯಾಲೋವೀನ್ ಹಬ್ಬದ ಸುತ್ತಲಿನ ಶರತ್ಕಾಲಕ್ಕೆ ಮಾತ್ರ ಸೀಮಿತಗೊಳಿಸಲಾಯಿತು. 2013ರಲ್ಲಿ ಐದೂ ಭೂತಗಳು ಆ ಹಂಗಾಮಿಗೆ ಮರಳಿದವು. 2023ರಲ್ಲಿ ಕಾರ್ಮೆಲ್ಲಾ ಕ್ರೀಪರ್ ಎಂಬ ಹೊಸ ಪಾತ್ರ ಬಂತು. ಇಲ್ಲಿ ಕಾಳು ಬಲಿಯುವ ಪ್ರಶ್ನೆಯಿಲ್ಲ. ಕಾರ್ಖಾನೆ ಬಯಸಿದರೆ ಮಾರ್ಚ್‌ನಲ್ಲೂ ತಯಾರಿಸಬಹುದು. ಕೆಲವೇ ವಾರ ಸಿಗುತ್ತದೆ ಎಂಬ ಕಾರಣಕ್ಕೇ ಜನ ಹುಡುಕಿ ಕೊಳ್ಳುತ್ತಾರೆ ಎಂಬುದು ಅಲ್ಲಿನ ವ್ಯಾಪಾರದ ಲೆಕ್ಕಾಚಾರ.

ಜೋಳದ ಹೊಲಕ್ಕೂ ಒಂದು ಭೂತ ಉಂಟು. ಹಳೆಯ ಅಂಗಿ ತೊಡಿಸಿ, ಸುಣ್ಣದಲ್ಲಿ ಕಣ್ಣು-ಬಾಯಿ ಬರೆದ ಮಡಕೆಯನ್ನು ತಲೆಯಾಗಿಸಿದ ಬೆದರುಗೊಂಬೆ. ಅಮೆರಿಕದ ಡಬ್ಬಿಯ ಮೇಲಿನ ಭೂತ ಮಕ್ಕಳನ್ನು ಕರೆಯುತ್ತದೆ; ಇಲ್ಲಿನದು ಹಕ್ಕಿಗಳನ್ನು ಓಡಿಸಲು ನಿಂತಿರುತ್ತದೆ. ಅಲ್ಲಿ ಹಂಗಾಮು ಮುಗಿಸುವುದು ಕಂಪನಿಯ ತೀರ್ಮಾನ, ಬೇಕೆಂದಾಗ ಅದನ್ನು ಮರಳಿ ತರಬಹುದು. ಇಲ್ಲಿ ಹಂಗಾಮು ಕುಗ್ಗುತ್ತಿರುವುದು ಯಾರ ತೀರ್ಮಾನವೂ ಅಲ್ಲ, ಅನೇಕ ಸಣ್ಣ ಕಾರಣಗಳ ಒಟ್ಟು ಪರಿಣಾಮ.

ಹೊಲ ಕುಗ್ಗಿದ್ದೇಕೆ?

ದೇಶದಲ್ಲಿ 1960ರ ದಶಕದ ಆರಂಭದಲ್ಲಿ ಸುಮಾರು 1.8 ಕೋಟಿ ಹೆಕ್ಟೇರ್‌ನಲ್ಲಿದ್ದ ಜೋಳ ಈಚಿನ ವರ್ಷಗಳಲ್ಲಿ ಸುಮಾರು 40 ಲಕ್ಷ ಹೆಕ್ಟೇರ್‌ಗೆ ಇಳಿದಿದೆ. ಕಲಬುರಗಿ ಜಿಲ್ಲೆಯ ಈ ಮೂರು ಕಡೆ ಇಳಿಕೆಗೆ ಸ್ಥಳೀಯ ಕಾರಣಗಳೂ ಇವೆ.

ಮೊದಲನೆಯದು ತೊಗರಿ. ಜಿಲ್ಲೆಯನ್ನು ತೊಗರಿಯ ಕಣಜವೆಂದೇ ಕರೆಯಲಾಗುತ್ತದೆ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ದೊರೆತಿದೆ. ಜೋಳಕ್ಕೂ ತೊಗರಿಗೂ ನಡುವಿನ ಸ್ಪರ್ಧೆ ಬೆಲೆಯದಷ್ಟೇ ಅಲ್ಲ, ಕಾಲದ್ದು. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿವರೆಗೆ ಹೊಲದಲ್ಲಿ ನಿಲ್ಲುತ್ತದೆ. ಜೋಳಕ್ಕೆ ಸೆಪ್ಟೆಂಬರ್‌ನಲ್ಲೇ ಖಾಲಿ ಹೊಲ ಬೇಕು. ಹಿಂದೆ ಮುಂಗಾರಿನಲ್ಲಿ ಹೊಲವನ್ನು ಬೀಳು ಬಿಟ್ಟು ಹರಗುತ್ತಿದ್ದರು, ಇಲ್ಲವೇ ಬೇಗ ಬರುವ ಹೆಸರು, ಉದ್ದು ತೆಗೆದುಕೊಂಡು ಜೋಳ ಬಿತ್ತುತ್ತಿದ್ದರು. ತೊಗರಿ ಹಾಕಿದ ಹೊಲದಲ್ಲಿ ಆ ವರ್ಷ ಜೋಳವಿಲ್ಲ, ಸೀತನಿಯೂ ಇಲ್ಲ.

ಬೆಲೆಯ ಅಂತರ ರೈತನ ಆಯ್ಕೆಯನ್ನು ಇನ್ನಷ್ಟು ಸುಲಭಗೊಳಿಸುತ್ತದೆ. ಕೇಂದ್ರ ಸರ್ಕಾರ 2025-26ನೇ ಸಾಲಿಗೆ ಪ್ರಕಟಿಸಿದ ಬೆಂಬಲ ಬೆಲೆ ಮಾಲ್ದಂಡಿ ಜೋಳಕ್ಕೆ ಕ್ವಿಂಟಲ್‌ಗೆ 3,749 ರೂಪಾಯಿ. ತೊಗರಿಗೆ 8,000 ರೂಪಾಯಿ.

ಎರಡನೆಯದು ನೀರು ಮತ್ತು ಕಬ್ಬು. ಅಫಜಲಪುರದಲ್ಲಿ ಭೀಮಾ ನದಿಗೆ ಸೊನ್ನ ಬ್ಯಾರೇಜ್, ಆಳಂದದಲ್ಲಿ ಅಮರ್ಜಾ ಜಲಾಶಯ, ಜೇವರ್ಗಿಗೆ ಕೃಷ್ಣಾ ಮೇಲ್ದಂಡೆ ಯೋಜನೆಯ ಶಾಖಾ ಕಾಲುವೆ ಬಂದಿವೆ. ಭೂಸನೂರ, ಹವಳಗಾ ಮತ್ತು ಜೇವರ್ಗಿ ಭಾಗದ ಮಳ್ಳಿ-ನಾಗರಹಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ನೀರು ಸಿಕ್ಕ ಹೊಲಕ್ಕೆ ಕಬ್ಬು ಬಂದರೆ ವರ್ಷಪೂರ್ತಿ ಅಲ್ಲಿ ಬೇರೇನೂ ಬಿತ್ತಲಾಗದು.

ಮೂರನೆಯದು ದುಡಿಮೆ. ಎತ್ತರಕ್ಕೆ ಬೆಳೆಯುವ ಮಾಲ್ದಂಡಿಯನ್ನು ಕೈಯಿಂದಲೇ ಕಿತ್ತು, ತೆನೆ ಮುರಿದು, ಕಣಕಿ ಕಟ್ಟಬೇಕು. ಕೂಲಿಯಾಳು ಸಿಗುವುದು ಕಷ್ಟ. ಎತ್ತುಗಳಿದ್ದ ಮನೆಗೆ ಕಣಕಿಯೇ ಅರ್ಧ ಲಾಭವಾಗಿತ್ತು. ಟ್ರ್ಯಾಕ್ಟರ್ ಬಂದು ಕೊಟ್ಟಿಗೆ ಖಾಲಿಯಾದ ಮನೆಗೆ ಆ ಲಾಭವೂ ಇಲ್ಲ.

ಹವಾಮಾನವೂ ಸೇರಿಕೊಂಡಿದೆ. 2020ರ ಅಕ್ಟೋಬರ್‌ನಲ್ಲಿ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿ ಹರಿದಾಗ ನದಿತೀರದ ಹೊಲಗಳು ಮುಳುಗಿದವು. ಎರಡೂ ಬಾರಿ ಪ್ರವಾಹ ಬಂದದ್ದು ಹಿಂಗಾರಿ ಬಿತ್ತನೆಯ ದಿನಗಳಲ್ಲೇ.

ಹಕ್ಕಿಯ ಪಾಲು

ಇವೆಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ ಕಾರಣ ಹಕ್ಕಿ. ಮನುಷ್ಯನಿಗೆ ರುಚಿಸುವ ಎಳೆಗಾಳು ಗುಬ್ಬಿ, ಗಿಳಿಗಳಿಗೂ ಅಷ್ಟೇ ಪ್ರಿಯ. ಊರಿನ ಎರೆಹೊಲವೆಲ್ಲ ಜೋಳವಾಗಿದ್ದಾಗ ಹಕ್ಕಿಗಳು ತಿಂದದ್ದು ಎಲ್ಲರಿಗೂ ಹಂಚಿಹೋಗುತ್ತಿತ್ತು; ಪ್ರತಿ ಹೊಲದ ನಷ್ಟ ಅಲ್ಪ. ನೂರು ಎಕರೆ ತೊಗರಿಯ ನಡುವೆ ಎರಡೇ ಎಕರೆ ಜೋಳವಿದ್ದರೆ ಸುತ್ತಲಿನ ಹಕ್ಕಿಗಳೆಲ್ಲ ಅಲ್ಲಿಗೇ ಬಂದಿಳಿಯುತ್ತವೆ. ಬೆಳಗಿನಿಂದ ಸಂಜೆವರೆಗೆ ಅಟ್ಟದ ಮೇಲೆ ಕುಳಿತು ಕವಣಿ ಬೀಸಲು ಮನೆಯಲ್ಲಿ ಆಳಿಲ್ಲ. ಮಕ್ಕಳು ಶಾಲೆಯಲ್ಲಿರುತ್ತಾರೆ, ಇರಬೇಕಾದ್ದೂ ಅಲ್ಲಿಯೇ. ಹೀಗೆ ಒಬ್ಬ ರೈತ ಜೋಳ ಬಿಟ್ಟರೆ ಪಕ್ಕದವನ ನಷ್ಟ ಹೆಚ್ಚುತ್ತದೆ, ಮರುವರ್ಷ ಅವನೂ ಬಿಡುತ್ತಾನೆ. ಜೋಳದ ಕ್ಷೇತ್ರ ಒಮ್ಮೆ ಇಳಿಯತೊಡಗಿದರೆ ವೇಗವಾಗಿ ಇಳಿಯುವುದಕ್ಕೆ ಇದೂ ಕಾರಣ. ಇದರಿಂದ ಪಾರಾಗುವ ದಾರಿಯೆಂದರೆ ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡು ಒಂದೇ ಕಡೆ, ಒಂದೇ ವಾರದಲ್ಲಿ ಜೋಳ ಬಿತ್ತುವುದು.

ನೆರೆಯವರು ಹಿಡಿದ ದಾರಿ

ಆಳಂದ ಮತ್ತು ಅಫಜಲಪುರಗಳಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದಲ್ಲಿ ಹುರಡಾ ಈಗ ಒಂದು ಸಣ್ಣ ಉದ್ಯಮ. ಚಳಿಗಾಲದ ವಾರಾಂತ್ಯಗಳಲ್ಲಿ ನಗರವಾಸಿಗಳು ಹಣ ತೆತ್ತು ಹೊಲಕ್ಕೆ ಬರುತ್ತಾರೆ; ಎತ್ತಿನ ಗಾಡಿಯ ಸವಾರಿ, ಹುರಡಾ, ಮಧ್ಯಾಹ್ನದ ಊಟ ಸೇರಿ ಒಂದು ದಿನದ ವಿಹಾರ. ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠ ಹುರಡಾಕ್ಕೆಂದೇ ಫುಲೆ ಉತ್ತರಾ, ಫುಲೆ ಮಧುರ್ ತಳಿಗಳನ್ನು ನೀಡಿದೆ. ಸೂರತ್‌ನಲ್ಲಿ ಪೋಂಕ್ ನೇರವಾಗಿ ನಗರದ ಮಾರುಕಟ್ಟೆಗೆ ಬರುತ್ತದೆ. ಅದರಿಂದ ವಡೆಗಳನ್ನೂ ಮಾಡುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸೀತನಿಗೆ ಮಾರಿದ ಬೆಳೆಯಲ್ಲಿ ಒಕ್ಕಣೆಯ ಖರ್ಚಿಲ್ಲ, ಬೆಂಬಲ ಬೆಲೆಯ ಕೇಂದ್ರದ ಮುಂದೆ ಸರದಿ ನಿಲ್ಲಬೇಕಿಲ್ಲ. ತೆನೆ ಮುರಿದ ಮೇಲೂ ದಂಟು ಹಸಿರಾಗಿಯೇ ಇರುವುದರಿಂದ ಮೇವಾಗಿ ಉಳಿಯುತ್ತದೆ. ಇದಕ್ಕೆ ಪ್ರತಿಯಾಗಿ ಹತ್ತು ದಿನದೊಳಗೆ ಕೊಳ್ಳುವವರು ಹೊಲದ ಬಳಿಗೇ ಬರಬೇಕು. ಕಲಬುರಗಿ ನಗರದಿಂದ ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಹೋಗುವ ಮೂರೂ ಹಾದಿ ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ದೂರದವೇ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ದತ್ತ ಭಕ್ತರು ವರ್ಷವಿಡೀ ಬರುತ್ತಾರೆ. ಕೊಳ್ಳುವವರ ಕೊರತೆ ಇಲ್ಲ. ಅವರನ್ನು ಹೊಲಕ್ಕೆ ಮುಟ್ಟಿಸುವ ವ್ಯವಸ್ಥೆ ಬೇಕು.

ಘೋಷಣೆಗಳಿಗೆ ಬರವಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಜೋಳವೂ ಸೇರಿದಂತೆ ಈ ಬಗೆಯ ಧಾನ್ಯಗಳನ್ನು ಪೌಷ್ಟಿಕ ಧಾನ್ಯಗಳೆಂದು ಅಧಿಸೂಚಿಸಿತು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಬಲಿತ ಜೋಳದ 100 ಗ್ರಾಂನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಅಷ್ಟೇ ಪ್ರಮಾಣದ ನಾರು ಇರುವುದು ಈಗ ನಗರದ ಓದುಗರಿಗೂ ತಿಳಿದ ವಿಷಯ. ಜೋಳದ ಅವಲಕ್ಕಿ, ಜೋಳದ ಫ್ಲೇಕ್ಸ್ ಡಬ್ಬಿಗಳು ಅಂಗಡಿಗೆ ಬಂದಿವೆ. ಆದರೆ ಡಬ್ಬಿಯ ಜೋಳ ಎಲ್ಲಿಂದಲಾದರೂ ಬರಬಹುದು. ಸೀತನಿ ಮಾತ್ರ ಹತ್ತಿರದ ಹೊಲದಿಂದಲೇ ಬರಬೇಕು.

2022ರಲ್ಲಿ ನೆಟೆ ರೋಗ ಜಿಲ್ಲೆಯ ತೊಗರಿಯನ್ನು ವ್ಯಾಪಕವಾಗಿ ಒಣಗಿಸಿದಾಗ ಒಂದೇ ಬೆಳೆಯನ್ನು ನೆಚ್ಚಿಕೊಂಡ ಅಪಾಯ ರೈತರಿಗೆ ಮನವರಿಕೆಯಾಯಿತು. ನೆಟೆ ರೋಗ ತಗ್ಗಿಸಲು ಕೃಷಿ ತಜ್ಞರು ನೀಡುವ ಸಲಹೆಗಳಲ್ಲಿ ಬೆಳೆ ಬದಲಾವಣೆಯೂ ಒಂದು. ಆ ಬದಲಾವಣೆಗೆ ಜೋಳ ಒಪ್ಪುವ ಬೆಳೆ. ಹೀಗಾಗಿ ಜೋಳವನ್ನು ಉಳಿಸಿಕೊಳ್ಳುವುದು ಹಳೆಯ ರುಚಿಯ ಹಂಬಲ ಮಾತ್ರವಲ್ಲ, ತೊಗರಿಯ ಹಿತಕ್ಕೂ ಸಂಬಂಧಿಸಿದ್ದು.

ಸೀತನಿ ಸವಿಯಬೇಕೆನ್ನುವವರು ಎಳ್ಳ ಅಮಾವಾಸ್ಯೆಯಿಂದ ಜನವರಿ ಕೊನೆಯೊಳಗೆ ಈ ಭಾಗಕ್ಕೆ ಬರುವುದು ಒಳಿತು. ಮಳೆ, ಬಿತ್ತನೆಗಳಿಗೆ ಅನುಗುಣವಾಗಿ ಹದ ಪ್ರತಿವರ್ಷ ಒಂದೆರಡು ವಾರ ಹಿಂದೆ ಮುಂದೆ ಆಗುವುದರಿಂದ ಹೊಲದವರನ್ನು ಮೊದಲೇ ವಿಚಾರಿಸಬೇಕು. ಬೆಳಿಗ್ಗೆ ಮುರಿದ ತೆನೆಯನ್ನು ಅಲ್ಲೇ ಸುಡಿಸಿ ತಿಂದರೆ ರುಚಿ. ತಿಂದವರು ಹೊಲದೊಡೆಯನಿಗೆ ಬಲಿತ ಜೋಳದ ಬೆಲೆಗಿಂತ ಹೆಚ್ಚಿನದನ್ನು ಕೊಟ್ಟು ಬಂದರೆ, ಮುಂದಿನ ಸೆಪ್ಟೆಂಬರ್‌ನಲ್ಲಿ ಆ ಹೊಲಕ್ಕೆ ಮತ್ತೆ ಜೋಳ ಬೀಳುವ ಸಾಧ್ಯತೆ ಅಷ್ಟರಮಟ್ಟಿಗೆ ಹೆಚ್ಚುತ್ತದೆ.